ನಾಗವೇಣಿಗೆ ಆಯೇರಿ

"ಕಾಯಿ ಒಳಗೆ ತಕೊಂಡು ಹೋಗ್ಲಿಕ್ಕೆ ಇಲ್ಲ," ಎಂದಳು ಕ್ರೀಡಾಂಗಣದ ಗೇಟಿನಲ್ಲಿ ಚೀಲ ನೋಡುತ್ತಿದ್ದ ಹುಡುಗಿ. ಹುಸೇನಪ್ಪನ ಚೀಲದಲ್ಲಿದ್ದ ತೆಂಗಿನಕಾಯಿ ನೀರಿನ ಬಾಟಲಿಗಳ ರಾಶಿಗೆ ಸೇರಿಯೇಬಿಟ್ಟಿತು. "ಯಾರಾದ್ರೂ ಸ್ಟೇಜಿಗೆ ಎಸೆದರೆ ಎಂತ ಮಾಡುವುದು?"

"ಕಾಯಿ ಯಾರರ ಎಸೀತಾರೇನವಾ? ಮಗಳ ಉಡಿ ತುಂಬಾಕ ತಂದದ್ದು," ಎಂದ ಹುಸೇನಪ್ಪ. ಹುಡುಗಿ ಆಗಲೇ ಹಿಂದಿನವರ ಚೀಲಕ್ಕೆ ಕೈ ಹಾಕಿದ್ದಳು. ಪುಣ್ಯಕ್ಕೆ ಹೊಸ ಸೀರೆಯನ್ನು ಮುಟ್ಟಲಿಲ್ಲ. ಹೆಂಡತಿ ಮರೆಮ್ಮ ಅದನ್ನಾದರೂ ಉಳಿಸಿಕೊಳ್ಳೋಣವೆಂದು ಸೆರಗಿನೊಳಗೆ ಅವಚಿಕೊಂಡಳು.

ಅವರ ಕುಷ್ಟಗಿ ಕಡೆ ನಾಟಕವಿರಲಿ, ಪದ ಹಾಡುವುದಿರಲಿ, ಮನೆಯ ಮಕ್ಕಳು ರಂಗದ ಮೇಲೆ ನಿಂತರೆ ನಡುವೆಯೇ ಹತ್ತಿ ಹೋಗಿ ಆಯೇರಿ ಮಾಡಬೇಕು. ಗಂಡಸಿಗೆ ಟವೆಲ್ಲು, ಹೆಂಗಸಿಗೆ ಸೀರೆ. ಅಷ್ಟು ಹೊತ್ತು ಆಟ ನಿಲ್ಲುತ್ತದೆ, ಯಾರಿಗೂ ಬೇಸರವಿಲ್ಲ. ಯಾರೂ ಏಳದಿದ್ದರೆ ಮಾತ್ರ, ಪಾಪ, ಇವಳಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದಾಗುತ್ತದೆ. ಉಡುಪಿಗೆ ಬಂದು ಸೆಂಟ್ರಿಂಗ್ ಕೆಲಸಕ್ಕೆ ನಿಂತ ಮೇಲೆ ಹುಸೇನಪ್ಪ ಊರಿನ ಎಷ್ಟೋ ಪದ್ಧತಿ ಬಿಟ್ಟಿದ್ದ. ಇದನ್ನು ಬಿಡುವಷ್ಟು ಕಲ್ಲುಮನಸ್ಸು ಅವನದಲ್ಲ. ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ ಮಗಳು ನಾಗವೇಣಿಗೆ, ಮುಂಬೈಯ ದೊಡ್ಡ ಗಾಯಕನೊಬ್ಬನ ಹಿಂದೆ ನಿಂತು ಹಾಡುವ ಅವಕಾಶ ಸಿಕ್ಕಿತ್ತು. ಈ ಮಣಿಪಾಲದ ಕಾರ್ಯಕ್ರಮ ಚೆನ್ನಾಗಿ ಆದರೆ ತಂಡದಲ್ಲಿ ಕಾಯಂ ಎಂದಿದ್ದರಂತೆ.

ಒಳಗೆ ಹೋದ ಮೇಲೆ ಗಂಡಹೆಂಡಿರಿಬ್ಬರಿಗೂ ತಲೆಬುಡ ಗೊತ್ತಾಗಲಿಲ್ಲ. ಇಷ್ಟು ದೊಡ್ಡ ಸೂರಿಗೆ ನಡುವೆ ಒಂದೂ ಕಂಬವಿಲ್ಲ. ದುಡ್ಡು ಕೊಟ್ಟು ಕುರ್ಚಿ ಹಿಡಿದವರು ಕುರ್ಚಿಯಲ್ಲಿ ಕೂರದೆ ಎದ್ದು ಕುಣಿಯುತ್ತಿದ್ದಾರೆ. ಗಾಯಕ ಹೆಬ್ಬೆರಳಿನಷ್ಟಿದ್ದಾನೆ, ಅವನ ಎಡಬಲದ ಪರದೆಯಲ್ಲಿ ಮಾತ್ರ ಅವನ ಹಲ್ಲು ಎಣಿಸಬಹುದು. ಡ್ರಮ್ಮಿನ ಪೆಟ್ಟು ಕಿವಿಗೆ ಬೀಳುವ ಬದಲು ಎದೆಗೇ ಬೀಳುತ್ತಿತ್ತು.

"ಕೇಳಾಕ ಬಂದವರು ತಾವ ಯಾಕ ಹಾಡಾಕತ್ತಾರ?" ಎಂದಳು ಮರೆಮ್ಮ.

"ನನಗೇನು ಗೊತ್ತು? ಸುಮ್ಮನ ನೋಡು," ಎಂದ ಹುಸೇನಪ್ಪ. ಎಲ್ಲಿ ನೋಡಬೇಕೆಂದು ಅವನಿಗೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಗಾಯಕ ಪಕ್ಕಕ್ಕೆ ಸರಿದ. ಬೆಳಕೆಲ್ಲ ಒಂದೇ ಕಡೆ ಬಿತ್ತು. ಮೈಕು ಹಿಡಿದು ನಾಗವೇಣಿ ಮುಂದೆ ಬಂದಳು, ಪರದೆಯ ತುಂಬ ಅವಳೇ. ಅವಳ ದನಿ ಆ ಕಂಬವಿಲ್ಲದ ಸೂರಿನ ತುಂಬ ಹರಡಿತು. ಜನ ಕೂಗಿದರು, ಶಿಳ್ಳೆ ಹೊಡೆದರು, ಮೊಬೈಲು ಎತ್ತಿದರು. ಅಷ್ಟು ಸಾವಿರ ಜನರಲ್ಲಿ ಆಯೇರಿಗೆಂದು ಒಬ್ಬರೂ ಹೆಜ್ಜೆ ಎತ್ತಲಿಲ್ಲ.

"ಯಾರೂ ಹೋಗವಲ್ರು ನೋಡ್ರಿ," ಮರೆಮ್ಮ ಸೀರೆಯನ್ನು ಅವನ ಕೈಗೆ ತುರುಕಿದಳು. "ನೀವರ ಹೋಗ್ರಿ. ನಮ್ಮ ನಾಗಿ ಪರದೇಶಿಯೇನು?"

ಮೆಟ್ಟಿಲ ಮೇಲೆಲ್ಲ ಕುಣಿಯುವವರು. ಅವರ ನಡುವೆ ನುಸುಳಿ ಕೆಳಗಿಳಿದ ಹುಸೇನಪ್ಪನನ್ನು ವೇದಿಕೆಯ ಮುಂದಿನ ಕಬ್ಬಿಣದ ತಡೆಯ ಹತ್ತಿರ ಕಾವಲಿನ ಗುಣಪಾಲ ಹಿಡಿದು ನಿಲ್ಲಿಸಿದ.

"ಎಂತ ಇದು? ಎಲ್ಲಿಗೆ?"

"ಆಯೇರಿ ಮಾಡಿ ಬಂದ್ಬಿಡ್ತೀನಿ ಸಾಹೇಬ್ರ. ಆಕಿ ನಮ್ಮ ಮಗಳು."

"ಎಲ್ಲರೂ ಒಂದೊಂದು ಸಂಬಂಧ ಹೇಳ್ತಾರೆ ಮಾರಾಯ್ರೆ. ನೀವು ಹಿಂದೆ ಹೋಗಿ." ಗುಣಪಾಲ ಕೆಟ್ಟವನೇನಲ್ಲ, ಆದರೆ ಅವನ ಕೈ ಹುಸೇನಪ್ಪನ ಅಂಗಿಯ ಕಾಲರಿನ ಮೇಲಿತ್ತು.

ಅದನ್ನು ನಾಗವೇಣಿ ಮೇಲಿಂದ ಕಂಡಳು. ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ ಎಲ್ಲ ಮರೆತಳು. ಮೈಕು ಕೆಳಗಿಳಿಸಿ ವೇದಿಕೆಯ ಅಂಚಿಗೆ ಓಡಿ ಬಂದು, "ಬಿಡಿ ಅಣ್ಣ, ನಮ್ಮಪ್ಪ ಅವರು," ಎಂದಳು. ಗುಣಪಾಲ ಕೈ ಬಿಟ್ಟ. ಅವಳು ಮಂಡಿಯೂರಿ ಎರಡೂ ಕೈ ಚಾಚಿದಳು, ಹುಸೇನಪ್ಪ ಸೀರೆ ಇಟ್ಟ. ತುಟಿ ಬಿಗಿಹಿಡಿದು ಅಳು ತಡೆದ ಮಗಳ ಮುಖ ಪರದೆಯ ಮೇಲೆ ಮನೆಯಷ್ಟು ದೊಡ್ಡದಾಗಿ ಕಂಡಿತು.

ಹಾಡು ನಿಂತಿರಲಿಲ್ಲ. ನಾಗವೇಣಿಯದೇ ದನಿ, ಅದೇ ಏರು, ಅದೇ ಇಳಿತ, ಒಂದು ಅಕ್ಷರ ತಪ್ಪದೆ ಸೂರಿನಿಂದ ಬರುತ್ತಲೇ ಇತ್ತು. ಮೊದಲು ಯಾರೋ ಒಬ್ಬ ನಕ್ಕ. ಆಮೇಲೆ ಇಡೀ ಕ್ರೀಡಾಂಗಣ ಹೋ ಎಂದಿತು. ಗಾಯಕ ತಿರುಗಿ ನಾಗವೇಣಿಯನ್ನು ನೋಡಿದ ನೋಟ ಮಾತ್ರ ನಗುವಿನದಾಗಿರಲಿಲ್ಲ.

"ಮೊದಲೇ ರೆಕಾರ್ಡ್ ಮಾಡಿದ್ದಲ್ವಾ," ಎಂದ ಗುಣಪಾಲ, ತನಗೆ ತಾನೇ. "ಇವಳ ಕೆಲಸ ಹೋಯಿತು ಇನ್ನು."

ಹುಸೇನಪ್ಪನಿಗೆ ಆ ಗದ್ದಲದಲ್ಲಿ ಅದು ಕೇಳಿಸಲಿಲ್ಲ. ಅವನು ಮಗಳ ಮುಚ್ಚಿದ ಬಾಯಿ ನೋಡಿದ, ತಲೆ ಎತ್ತಿ ಸೂರು ನೋಡಿದ.

"ನೀ ಇಲ್ಲೇ ಅದಿಯಲ್ಲವಾ. ಮತ್ತ ಅಲ್ಲಿ ಹಾಡಾಕತ್ತಾಕಿ ಯಾರು?"

ನಾಗವೇಣಿ ಸೀರೆಯನ್ನು ಎದೆಗವಚಿಕೊಂಡು, ತನ್ನ ದನಿ ಹಾಡಿ ಮುಗಿಸುವುದನ್ನೇ ಕಾಯುತ್ತ ಕುಳಿತಳು.