ಕಾರಿನ ಗೃಹಪ್ರವೇಶ

ಕಾರಿಗಿಂತ ಮೊದಲು ಹೊಸ ಗ್ಯಾರೇಜಿನೊಳಗೆ ಹೋದ ಹಸು, ನಾಲ್ಕೂ ಗೋಡೆಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಮನೆ ನೋಡಲು ಬಂದ ಬಾಡಿಗೆಯವರು ಒಪ್ಪಿಕೊಂಡಂತೆ ಕಾಲು ಮಡಚಿ ಮಲಗಿಬಿಟ್ಟಿತು. ಹೊರಗೆ ಬೀದಿಯಲ್ಲಿ ಯೋಗಾನಂದನ ಕಾರು ಮೂತಿಗೆ ಸೇವಂತಿಗೆ ಹಾರ ಹಾಕಿಸಿಕೊಂಡು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿಸಿಕೊಂಡು, ಮನೆ ತುಂಬಲು ನಿಂತ ಹೊಸ ಸೊಸೆಯಂತೆ ಕಾಯುತ್ತಿತ್ತು.

"ಏಳಮ್ಮಾ... ಏಳು ತಾಯೀ... ದಯವಿಟ್ಟು ಏಳಮ್ಮಾ..." ಯೋಗಾನಂದ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಹಸುವಿನ ಮುಂದೆ ಬಗ್ಗಿ ಬೇಡಿಕೊಳ್ಳುತ್ತಿದ್ದ. ಮೆಟ್ಟಿಲ ಮೇಲೆ ಕೂತಿದ್ದ ಅವನ ತಾಯಿ ಮುನಿಲಕ್ಷ್ಮಮ್ಮನಿಗೆ ಕಿವಿ ತಂಪಾಯಿತು. ಮಗನ ಬಾಯಲ್ಲಿ 'ಅಮ್ಮ' ಅನ್ನುವ ಮಾತು ಇಷ್ಟು ಮೆತ್ತಗೆ ಬಂದದ್ದು ಅವಳ ಕೈಬಳೆ ಕೇಳಿದ ದಿನವೇ ಕೊನೆ.

ಯುಗಾದಿಯವರೆಗೂ ಆ ಗ್ಯಾರೇಜು ಅವಳ ಕೋಣೆಯಾಗಿತ್ತು. ಮೂಡಲಪಾಳ್ಯದ ಬೀದಿಯಲ್ಲಿ ನಿಂತು ನಿಂತು ಕಾರು ಬಿಸಿಲಿಗೆ ಬಾಡುತ್ತಿದೆಯೆಂದು ಮಗನ ಕರುಳು ಮರುಗಿ, ಎಂಜಿನಿಯರ್ ಕೈಲಿ ಪ್ಲಾನು ಬರೆಸಿ ತಂದ. ಅದರಲ್ಲಿ ಕಾರಿಗೆ ಜಾಗವಿತ್ತು, ಸ್ಟೆಪ್ನಿಗೆ ಜಾಗವಿತ್ತು, ಚಪ್ಪಲಿಗೂ ಒಂದು ಮೂಲೆಯಿತ್ತು. "ಇದ್ರಾಗೆ ನಾನೆಲ್ಲಿದೀನಪ್ಪಾ?" ಎಂದು ಕೇಳಿದ್ದಕ್ಕೆ, "ನೀನು ಮೇಲೆ ಟೆರೇಸ್ ರೂಮಲ್ಲಿ ಅಮ್ಮ. ಗಾಳಿ, ವ್ಯೂ, ಎಲ್ಲಾ ಸೂಪರ್" ಎಂದ. ಮಂಡಿ ಸವೆದವರಿಗೆ ವ್ಯೂ ಬಹಳ ಮುಖ್ಯ. ಮೊದಲು ಪುಟ್ಟದಾಗಿದ್ದ ಎಸ್ಟಿಮೇಟು ಶೆಟರು, ಟೈಲ್ಸು, ಚರಂಡಿ ಮೇಲಿನ ಚಪ್ಪಡಿ ಎಂದು ಕೈಕಾಲು ಬೆಳೆಸಿಕೊಂಡು ಕೊನೆಗೆ ಅವಳ ಮಣಿಕಟ್ಟಿಗೆ ಬಂದು ನಿಂತಿತು. "ಮಾರಲ್ಲಮ್ಮ, ಅಡ ಇಡ್ತೀನಿ ಅಷ್ಟೇ" ಎಂದ ಮಗನಿಗೆ ಬಳೆ ಬಿಚ್ಚಿಕೊಟ್ಟಳು. ತನ್ನ ಗಂಟುಮೂಟೆ ಹೊರಗೆ ಹಾಕಿಸುವ ಕೂಲಿಯನ್ನು ತಾನೇ ಕೊಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಆ ಕೋಣೆಯ ನುಣುಪು ನೆಲದಲ್ಲಿ ಅವಳು ಜಾರಿ ಬಿದ್ದಾಗ "ನೋಡ್ಕೊಂಡು ನಡೀಬಾರ್ದಾ" ಎಂದಿದ್ದರು. ಈಗ ಕಾರು ಜಾರಬಾರದೆಂದು ಗೀರುಗೀರಿನ ಟೈಲ್ಸು ಹಾಕಿಸಿದ್ದರು.

ಗೋಡೆ ಒಡೆದು ಹೊಸ ಬಾಗಿಲಿಟ್ಟ ಮೇಲೆ ಗೃಹಪ್ರವೇಶವೇ ಆಗಬೇಕು, ಮೊದಲು ಗೋವು, ಆಮೇಲೆ ವಾಹನ ಎಂದವರು ಪುರೋಹಿತರು. ಹಸುವನ್ನು ಬಾಡಿಗೆಗೆ ಟೆಂಪೋದಲ್ಲಿ ತಂದವನು ಮಾರೇನಹಳ್ಳಿಯ ವೆಂಕಟಸ್ವಾಮಿ.

"ರೀ ವೆಂಕಟಸ್ವಾಮಿ, ಬಾಲ ತಿರುಚ್ರೀ, ಏಳುತ್ತೆ" ಎಂದ ಯೋಗಾನಂದ.

"ತುಂಬು ಗಬ್ಬ ಸಾರ್, ಹಂಗೆಲ್ಲಾ ಮಾಡಂಗಿಲ್ಲ. ಬೆಳಗಿನ ಜಾವದಿಂದ ಎರಡು ಗೃಹಪ್ರವೇಶ ಮುಗಿಸ್ಕೊಂಡು ಬಂದೈತೆ. ಅದಕ್ಕೂ ಸುಸ್ತಾಗಲ್ವಾ?"

ಯೋಗಾನಂದ ಪುರೋಹಿತರತ್ತ ತಿರುಗಿದ. "ಸ್ವಾಮಿ, ರಾಹುಕಾಲ ಬಂದೇಬಿಡ್ತು. ನೀವಾದ್ರೂ ಏನಾದ್ರೂ ಹೇಳಿ!"

ಪುರೋಹಿತರು ಗಂಭೀರವಾದರು. "ಎಬ್ಬಿಸೋ ಮಾತೇ ಆಡಬೇಡಿ. ಗೋಮಾತೆ ತಾನಾಗಿ ಕೂತಿದ್ದಾಳೆ. ತಾನಾಗಿ ಏಳೋ ತನಕ ಆ ಜಾಗ ಅವಳದೇ. ಕೂತ ತಾಯಿಯನ್ನ ಅಟ್ಟಿದ ಮನೆ ಉದ್ಧಾರ ಆಗಲ್ಲ."

ನೆಂಟರೆಲ್ಲ ಕೈಮುಗಿದರು. ಸೊಸೆ ಕುಸುಮಾ ಗಾಬರಿಯಿಂದ ಬೆಲ್ಲ, ಬಾಳೆಹಣ್ಣು ತಂದು ಹಿಡಿದಳು. ಹಸು ಮಲಗಿದಲ್ಲೇ ತಿಂದು, ಇನ್ನೂ ಇದೆಯೇ ಎಂದು ತಟ್ಟೆ ನೆಕ್ಕಿತು. ಮುನಿಲಕ್ಷ್ಮಮ್ಮ ಪುರೋಹಿತರನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಗೋಡೆ ಒಡೆದ ದಿನ ಈ ಶಾಸ್ತ್ರ ಯಾವ ಊರಿಗೆ ಹೋಗಿತ್ತೋ!

ಯೋಗಾನಂದ ಮೆಟ್ಟಿಲ ಬಳಿ ಓಡಿಬಂದು ದನಿ ತಗ್ಗಿಸಿದ. "ಅಮ್ಮ, ನೀನು ಹಸು ಸಾಕಿದವಳು. ಸುಮ್ನೆ ಹೋಗಿ ಸ್ವಲ್ಪ ಮೈದಡವು, ಅದಾಗೇ ಏಳುತ್ತೆ. ನಾವು ಎಬ್ಬಿಸಿದ ಹಾಗೂ ಆಗಲ್ಲ. ಬೇಗ ಬಾ."

"ಅವಸರ ಮಾಡಿದ್ರೆ ಹಸಾನೂ ಏಳಾಕಿಲ್ಲ, ನನ್ನ ಮಂಡೀನೂ ಏಳಾಕಿಲ್ಲ ಕಣೋ" ಎನ್ನುತ್ತಾ ಅವಳು ಗೋಡೆ ಹಿಡಿದು ಒಳಗೆ ಹೋದಳು. ಹಸುವಿನ ಪಕ್ಕ ನಿಧಾನವಾಗಿ ಕೂತು ಕತ್ತಿನಡಿ ಜೋಲುವ ಗಂಗೆದೊಗಲು ಸವರಿದಳು. ಹಸು ಕತ್ತು ಚಾಚಿ ಒಂದು ದೊಡ್ಡ ಉಸಿರು ಬಿಟ್ಟಿತು. ಹಿಂಗಾಲು ಊರಿ ಮೆಲ್ಲಗೆ ಮೇಲೇಳತೊಡಗಿತು. ಯೋಗಾನಂದ ಓಡಿಹೋಗಿ ಕಾರು ಹತ್ತಿ ಸ್ಟಾರ್ಟ್ ಮಾಡಿದ. ನೆಂಟರು ದಾರಿ ಬಿಟ್ಟರು.

ಮುನಿಲಕ್ಷ್ಮಮ್ಮ ಹಸುವಿನ ಬೆನ್ನ ಮೇಲೆ ಅಂಗೈ ಇಟ್ಟಳು. "ಮಲಕ್ಕೋ ನನ್ನವ್ವ. ನಿಂಗ್ಯಾಕೆ ಅವಸರ?"

ಹಸು ಹಾಗೆಯೇ ಕುಸಿದು ಕೂತು, ಅರೆಗಣ್ಣು ಮುಚ್ಚಿ ಮೆಲುಕು ಹಾಕತೊಡಗಿತು. ಕಾರು ಸ್ವಲ್ಪ ಹೊತ್ತು ಗುರುಗುಟ್ಟಿ ತೆಪ್ಪಗಾಯಿತು.

"ಅಮ್ಮಾ! ಏನು ಮಾಡ್ತಿದೀಯಾ ನೀನು? ಎದ್ದು ಬಾ ಈಚೆಗೆ!" ಯೋಗಾನಂದ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

"ಕೂತ ತಾಯಿಯನ್ನ ಎಬ್ಬಿಸ್ಬಾರ್ದು ಅಂದವ್ರಲ್ಲಪ್ಪಾ" ಎಂದಳು ಮುನಿಲಕ್ಷ್ಮಮ್ಮ. ಪುರೋಹಿತರು ಪಂಚಾಂಗ ತೆರೆದು ಅದರೊಳಗೆ ಮುಖ ಇಟ್ಟುಕೊಂಡರು. ಅವಳು ಹಸುವಿನ ಬೆನ್ನಿಗೆ ಮೆಲ್ಲಗೆ ಒರಗಿ, ಗೀರುಗೀರಿನ ಟೈಲ್ಸಿನ ಮೇಲೆ ಎರಡೂ ಕಾಲು ನೀಡಿಕೊಂಡು, ಒಳಮನೆಯತ್ತ ಕೂಗಿದಳು:

"ಕುಸುಮಾ, ಹಸುಗೊಂದು ಬಕೆಟ್ ನೀರು, ನಂಗೊಂದು ಲೋಟ ಕಾಫಿ. ಇಲ್ಲಿಗೇ ತಂದ್ಬಿಡಮ್ಮ."