ವೈರಸ್ ತಿಂದ ಆಟ

ಅಳಿಸಿದಷ್ಟೂ ಮತ್ತೆ ಹುಟ್ಟಿಕೊಳ್ಳುತ್ತಿದ್ದ ಮೊಂಡು ವೈರಸ್ ಕೊನೆಗೂ ತೊಲಗಿತು. ಅದು ಮರೆಮಾಡಿದ್ದ ಫೋಲ್ಡರ್‌ಗಳನ್ನು ಹೊರಗೆಳೆಯಲು ಮಗಳು ಕಮಾಂಡ್ ಕೊಟ್ಟಳು. ಅಪ್ಪನ ಹಳೆಯ ಕಂಪ್ಯೂಟರಿನಲ್ಲಿ ಅಡಗಿದ್ದದ್ದೆಲ್ಲ ಪರದೆಯ ಮೇಲೆ ಮೂಡಿತು. ಬ್ಯಾಂಕಿನ ಕಾಗದಗಳು, ಮದುವೆಯ ಫೋಟೋಗಳು, ಕಟ್ಟಕಡೆಗೆ ಒಂದು ಕೆಂಪು ಕಾರಿನ ಐಕಾನ್. ಮೌಸ್ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಅವಳ ಶಾಲೆಯ ದಿನಗಳಲ್ಲಿ ಅಪ್ಪ ಮಗಳು ಒಂದೇ ಕೀಬೋರ್ಡಿಗೆ ಮುಗಿಬಿದ್ದು ಆಡುತ್ತಿದ್ದ ರೇಸಿನ ಆಟ ಅದು.

“ಅಪ್ಪಾ, ಇದನ್ನ ವೈರಸ್ ತಿಂದುಹಾಕ್ತು ಅಂದಿದ್ಯಲ್ಲ?”

ಬಾಗಿಲಲ್ಲಿ ನಿಂತಿದ್ದ ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದ. “ನಿಂಗೆ ಪರೀಕ್ಷೆ ಇತ್ತಲ್ಲಮ್ಮ. ನಾನೇ ಬಚ್ಚಿಟ್ಟೆ.”

“ಆ ವೈರಸ್ ಮೇಲಿನ ಸಿಟ್ಟಿಗೇ ನಾನು ಈ ರಿಪೇರಿ ಕೆಲಸ ಕಲ್ತಿದ್ದು! ಪರೀಕ್ಷೆ ಮುಗಿದ್ಮೇಲಾದ್ರೂ ಹೇಳ್ಬಾರ್ದಿತ್ತಾ?”

“ಮುಗಿದ ದಿನಾನೇ ಹುಡುಕ್ದೆ. ಎಲ್ಲಿಟ್ಟೆ ಅಂತ ನಂಗೇ ತಿಳೀಲಿಲ್ಲ. ಬಚ್ಚಿಡೋದಷ್ಟೇ ಕಲ್ತಿದ್ದೆ, ತೆಗೆಯೋದು ಗೊತ್ತಿರ್ಲಿಲ್ಲ.”

ನಗಬೇಕೋ ರೇಗಬೇಕೋ ತಿಳಿಯದೆ ಅವಳು ಕಾರಿನ ಮೇಲೆ ಒತ್ತಿದಳು. ಅದೇ ಹಳೆಯ ಹಾರ್ನ್ ಕೂಗಿತು. ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು, ಎಡಗಡೆಯ ಕೀಗಳನ್ನು ಎಂದಿನಂತೆ ಅವಳಿಗೆ ಬಿಟ್ಟು, ಬಾಣದ ಗುರುತಿನವುಗಳ ಮೇಲೆ ಬೆರಳಿಟ್ಟ.

“ಈಗ ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ ತಾನೇ?”