ನೋಡದೆ ಬರೆದ ಹೊಳಪು

ಯಾರೂ ಹೊಳಪು ಅಳೆಯದ ರಾತ್ರಿ ನಕ್ಷತ್ರ ಆರಿಹೋಗುತ್ತದೆ. ಅದಕ್ಕೇ ನಮ್ಮ ಬೀದಿಗೊಂದು ನಕ್ಷತ್ರಗುಚ್ಛ, ಅದರಲ್ಲಿ ಹೊಳಪು ಬದಲಿಸುವ ನಕ್ಷತ್ರಗಳು ಅಳೆದು ಕಾಯಲು ಮನೆಗೊಂದು. ನಿನ್ನೆ ಮೋಡವೆಂದು ನಾನು ಮಾಳಿಗೆ ಹತ್ತಲಿಲ್ಲ. ಬೀದಿಯ ಪಟ್ಟಿಯಲ್ಲಿ ಹಳೆಯ ಅಂದಾಜಿನಲ್ಲೇ ಹೊಳಪು ಬರೆದಿಟ್ಟೆ.

ಬೆಳಿಗ್ಗೆ ಪಕ್ಕದ ಮನೆಯ ಫಿಲೋಮಿನಾ ಬಿಸಿ ಗಂಜಿ ತಂದಳು.

"ನಿಮ್ಮ ಮಾಳಿಗೇಲಿ ಟಾರ್ಚು ಕಾಣ್ಲಿಲ್ಲ ಅಕ್ಕಾ, ಜ್ವರವೇನೋ ಅಂದ್ಕೊಂಡೆ. ಮೋಡ ಸರಿದಿದ್ದು ಒಂದೇ ಗಳಿಗೆ. ಒಂದನ್ನ ಅಳೆಯೋಕಷ್ಟೇ ಆಯ್ತು. ನಿಮ್ಮದನ್ನೇ ಅಳೆದೆ."

"ನಿನ್ನದು?"

"ಆರಿಹೋಯ್ತು. ನಿಮ್ಮದನ್ನ ನಲವತ್ತು ವರ್ಷ ಕಾದಿದ್ದೀರಿ. ನಂದು ಮೂರೇ ವರ್ಷದ್ದು, ಬಿಡಿ."

ನನಗೆ ತಲೆಯೆತ್ತಲಾಗಲಿಲ್ಲ. "ಜ್ವರ ಇರಲಿಲ್ಲ ಕಣೇ. ಸೋಮಾರಿತನ. ನೋಡದೇ ಬರೆದೆ," ಎಂದೆ.

ಹೊಳಪನ್ನು ಅವಳನ್ನೇ ಕೇಳಿ ತಿದ್ದಿದೆ. ಆಮೇಲೆ ಪಟ್ಟಿಯಲ್ಲಿ ಆ ನಕ್ಷತ್ರದ ಮುಂದಿದ್ದ ನನ್ನ ಹೆಸರು ಹೊಡೆದು, ಅವಳ ಹೆಸರು ಬರೆದೆ.